ಬಿಳಿ ಕಟ್ಟಿಗೆ ಬಂದ ವರ್ಷ

ದೇಶದಲ್ಲಿ ಗಿಡಗಳಿರಲಿಲ್ಲ ಅಂತಲ್ಲ. ಇದ್ದವು. ಕರೇಗುಡ್ಡದ ರೈಲ್ವೆ ಸ್ಟೇಷನ್ನಿನ ಹಿಂದೆಯೇ ಬೇವಿನ ಸಾಲಿತ್ತು, ಅದರಾಚೆ ಗುಡ್ಡದ ತುಂಬ ಜಾಲಿ ಬೆಳೆದು ನಿಂತಿತ್ತು. ಆದರೆ ಅವುಗಳಲ್ಲಿ ಒಂದೂ ಊರಿನವರದಲ್ಲ. ಒಂದೊಂದರ ಕಾಂಡಕ್ಕೂ ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಯಂತ್ರ ಬಡಿದಿದ್ದರು. ಆ ಗಿಡ ಎಷ್ಟು ಇಂಗಾಲ ಎಳೆದು ಒಳಗಿಟ್ಟುಕೊಂಡಿತು ಅನ್ನುವುದನ್ನು ಆ ಗುಂಡಿ ಆಕಾಶದ ಉಪಗ್ರಹಕ್ಕೆ ವರದಿ ಮಾಡುತ್ತಿತ್ತು. ಗಿಡದ ಉಸಿರನ್ನು ಸರಕಾರ ಎಂದೋ ಸಮುದ್ರದಾಚೆಯ ಕಂಪನಿಗಳಿಗೆ ಮಾರಿಯಾಗಿತ್ತು. ಅವರು ಅಲ್ಲಿ ವಿಮಾನ ಹಾರಿಸಿ ಹೊಗೆ ಬಿಟ್ಟರೆ ಇಲ್ಲಿಯ ಬೇವು ಅದನ್ನು ನುಂಗಿ ಸರಿಮಾಡಬೇಕು. ಒಣ ಟೊಂಗೆ ಮುರಿದರೂ ಗುಂಡಿ ಕೂಗುತ್ತಿತ್ತು, ಗಾರ್ಡು ಬರುತ್ತಿದ್ದ.

ಗ್ಯಾಸು ಮುಗಿದ ಕತೆ. ಕರೆಂಟು ಇತ್ತು, ಆದರೆ ಅದು ಮೊದಲು ಯಂತ್ರಗಳ ಮಿದುಳನ್ನು ತಣ್ಣಗಿಡುವ ದೊಡ್ಡ ದೊಡ್ಡ ಕಟ್ಟಡಗಳಿಗೆ ಹೋಗಿ, ಮಿಕ್ಕಿದ್ದು ಊರಿಗೆ ಬರುತ್ತಿತ್ತು. ಬಲ್ಬು ಉರಿಯುವಷ್ಟು, ಫೋನು ತುಂಬುವಷ್ಟು. ಅನ್ನ ಬೇಯುವಷ್ಟಲ್ಲ. ಹೀಗಾಗಿ ತನ್ನ ಅಂಗಳದ ಪುಳ್ಳೆ ಮುರಿಯಲಾರದ ದೇಶ ಹಡಗುಗಟ್ಟಲೆ ಕಟ್ಟಿಗೆ ತರಿಸಿಕೊಂಡು ಒಲೆ ಹೊತ್ತಿಸುತ್ತಿತ್ತು. ಇದನ್ನು ಪ್ರಗತಿ ಅಂತ ಕರೆದರು. ಕರೆದವರಲ್ಲಿ ಒಬ್ಬರೂ ಒಲೆ ಊದಿದವರಲ್ಲ.

ಬಂದ ಕಟ್ಟಿಗೆಗೆಲ್ಲ ಊರ ಹೆಂಗಸರು ಒಂದೊಂದು ಹೆಸರಿಟ್ಟಿದ್ದರು. ಮೊದಲು ಬಂದದ್ದು ಪೂರ್ವದ ದ್ವೀಪಗಳ ಕೆಂಪು ದಿಮ್ಮಿ. ತೊಗಟೆ, ಪಾಚಿ, ಸತ್ತ ಇರುವೆ ಎಲ್ಲ ಸಮೇತ ಬರುತ್ತಿತ್ತು. ಅದು 'ಕೆಂಪಿ'. ದ್ವೀಪದ ಗುಡ್ಡಗಳು ಬೋಳಾದ ಮೇಲೆ ದಕ್ಷಿಣದ ಯಾವುದೋ ಖಂಡದ ನೀಲಗಿರಿ ಬಂತು. ಅನ್ನ, ಸಾರು, ಹಾಲು ಎಲ್ಲ ಔಷಧಿ ವಾಸನೆ. ಅದು 'ನೆಗಡಿ ಕಟ್ಟಿಗಿ'. ಅವರೂ ಸಾಕು ಅಂದರು. ಆಮೇಲೆ ಉತ್ತರದ ಹಿಮದ ನಾಡಿನಿಂದ ಅಂಟು ತುಂಬಿದ ಮರ ಬಂತು. ಉರಿದರೆ ಕರಿ ಹೊಗೆ, ಗೋಡೆಗೆ ಮಸಿ, ಕಣ್ಣಿಗೆ ಖಾರ. ಅದಕ್ಕೆ 'ಡಾಂಬರು' ಅಂದರು. ಲಗಮಣ್ಣನ ಅವ್ವ ಸಾವಂತ್ರೆವ್ವನ ಎದೆ ಕೆಟ್ಟದ್ದು ಆ ಡಾಂಬರಿನಲ್ಲೇ. ಅವಳು ಊರಿಗೆಲ್ಲ ರೊಟ್ಟಿ ಬಡಿದು ಕೊಡುತ್ತಿದ್ದಳು. ದಿನವೆಲ್ಲ ಒಲೆಯ ಮುಂದೆ. ಕೆಮ್ಮು ಹತ್ತಿ, ಬಡಿಯುವ ಕೈ ನಿಂತು, ಮಗ ಏಳನೇ ತರಗತಿಗೆ ಶಾಲೆ ಬಿಟ್ಟ.

ಹೀಗಾಗಿ ಲಗಮಣ್ಣನಿಗೆ ಜಗತ್ತಿನಲ್ಲಿ ಒಂದೇ ವೈರಿ: ಹೊಗೆ.

ಸ್ಟೇಷನ್ ಪಕ್ಕದ ಕಟ್ಟಿಗೆ ಡಿಪೋದಲ್ಲಿ ಅವನಿಗೆ ಸಿಕ್ಕ ಕೆಲಸವೂ ಅದರದ್ದೇ. ಬಂದ ರೈಲಿನ ಒಂದೊಂದು ಡಬ್ಬಿಯಿಂದ ಒಂದು ತುಂಡು ತಂದು, ಸುಡುವ ಕೋಣೆಯ ಒಲೆಯಲ್ಲಿಟ್ಟು ಹೊತ್ತಿಸಬೇಕು. ಮೇಲೆ ಹೊಗೆ ಅಳೆಯುವ ಮೀಟರು. ಅಂಕಿ ಏರಿದರೆ ಆ ಡಬ್ಬಿ ವಾಪಸ್ಸು. ಅದಕ್ಕೂ ಮೇಲೆ ಆನೆ ಕಿವಿಯಂಥ ರೆಕ್ಕೆಗಳ ಫ್ಯಾನು, ಕೋಣೆಯ ಗಾಳಿಯನ್ನೆಲ್ಲ ಎಳೆದು ಆಕಾಶಕ್ಕೆ ಎಸೆಯುತ್ತಿತ್ತು.

ಬಿಳಿ ಕಟ್ಟಿಗೆಯ ಮೊದಲ ರೈಲು ಬಂದ ದಿನ ಮೀಟರಿನ ಅಂಕಿ ಸೊನ್ನೆಯಿಂದ ಅಲುಗಲಿಲ್ಲ.

"ಮೀಟರು ಸತ್ತೈತಿ" ಅಂದ ಡಿಪೋ ಸಾಹೇಬ.

ಲಗಮಣ್ಣ ಒಂದು ಬೀಡಿ ಹಚ್ಚಿ ಮೀಟರಿನ ಕೆಳಗೆ ಹಿಡಿದ. ಅಂಕಿ ಜಿಗಿಯಿತು. ಬೀಡಿ ಆಚೆ ಎಳೆದ. ಮತ್ತೆ ಸೊನ್ನೆ. ಒಲೆಯಲ್ಲಿ ಬಿಳಿ ಕಟ್ಟಿಗೆ ನಿಗಿನಿಗಿ ಉರಿಯುತ್ತಿತ್ತು, ಹೂವಿನ ಹಾಗೆ.

"ಸಾಹೇಬ್ರ, ಮೀಟರು ಜೀವಂತ ಐತಿ. ಹೊಗಿ ಸತ್ತೈತಿ."

ಸಾಹೇಬ ಪೇಢೆ ತರಿಸಿ ಹಂಚಿದ. ಕಟ್ಟಿಗೆ ತುಂಬಿದ ಚೀಲದ ಮೇಲೆ ಯಾವ ದೇಶದ ಹೆಸರೂ ಇರಲಿಲ್ಲ. ಯಾವ ದೇಶವೂ ತನ್ನ ಮರ ಕೊಡಲು ಒಪ್ಪದಿದ್ದಾಗ ಕಂಪನಿಗಳೇ ಎಲ್ಲೋ ಬಯಲಿನಲ್ಲಿ ಸಾಲುಸಾಲಾಗಿ ಬೆಳೆಸಿದ ಮರ ಅದು. ಬೀಜದಲ್ಲೇ ಕೈಹಾಕಿ, ಹೊಗೆ ಹುಟ್ಟಿಸುವ ಅಂಟನ್ನು ತೆಗೆದುಹಾಕಿ, ಬೆಳೆದ ಮೇಲೆ ಒತ್ತಿ ಬಿಲ್ಲೆ ಮಾಡಿ ಕಳಿಸುತ್ತಿದ್ದರು. ಎಲ್ಲಿಯದು ಅಂತ ಯಾರೂ ಕೇಳಲಿಲ್ಲ. ಲಗಮಣ್ಣ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದ. ಮನೆಯಲ್ಲಿ ತಂಗಿ ಕಸ್ತೂರಿ ಹಸಿ ಬಾಣಂತಿ. ಹೋದ ಸಲದ ಬಸಿರು ನಿಂತಿರಲಿಲ್ಲ. ಈ ಸಲ ಹೆಣ್ಣು ಕೂಸು, ಮುಷ್ಟಿ ಬಿಗಿಹಿಡಿದು ಹುಟ್ಟಿತ್ತು.

*

ಬಾಣಂತಿ ಕೋಣೆಯಲ್ಲಿ ಹಗ್ಗ ಹೆಣೆದ ಹೊರಸು, ಹೊರಸಿನ ಕೆಳಗೆ ಅಗ್ಗಿಷ್ಟಿಗೆ, ಅಗ್ಗಿಷ್ಟಿಗೆಯಲ್ಲಿ ಕೆಂಡ. ತಲೆಗೆ ನೀರು ಎರೆದುಕೊಂಡು ಬಂದ ಬಾಣಂತಿ ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಹೊರಸಿನ ಮೇಲೆ ಮಲಗಬೇಕು. ಬೆನ್ನಿಗೆ ಶಾಖ ತಾಗಬೇಕು, ಗಾಳಿ ಸೋಕಬಾರದು. ಸಾವಂತ್ರೆವ್ವನ ಅವ್ವ ಹಾಗೆ ಮಾಡಿದ್ದಳು, ಅವಳ ಅವ್ವನೂ ಹಾಗೇ ಮಾಡಿದ್ದಳು. ಬಾಗಿಲು ಮುಚ್ಚು, ಕಿಟಕಿ ಮುಚ್ಚು ಅನ್ನುವುದು ಕಟ್ಟಳೆ. ಡಾಂಬರು ಕಟ್ಟಿಗೆಯ ದಿನಗಳಲ್ಲಿ ಆ ಕಟ್ಟಳೆ ಯಾರ ಮನೆಯಲ್ಲೂ ಪೂರ್ತಿ ನಡೆಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಣಂತಿ ಕೆಮ್ಮುವಳು, ಕೂಸು ಕಿರುಚುವುದು, ಅಜ್ಜಿ ಬೈದುಕೊಂಡು ಬಂದು ಕಿಟಕಿ ತೆರೆಯುವಳು.

"ನೋಡವಾ ಇದನ್ನ!" ಬಿಳಿ ಕಟ್ಟಿಗೆಯ ಕೆಂಡದ ಮೇಲೆ ಮುಖ ಬಗ್ಗಿಸಿ ಸಾವಂತ್ರೆವ್ವ ಅಂದಳು. "ಮಾರಿ ಇಟ್ಟರೂ ಕಣ್ಣಾಗ ನೀರು ಬರವಲ್ದು. ಲಗಮಾ, ಇದು ಕಟ್ಟಿಗಿನೋ ಬೆಣ್ಣಿನೋ?"

"ಸೊನ್ನಿ ಹೊಗಿ ಯವ್ವಾ. ಸೊನ್ನಿ. ನನ್ನ ಕೈಲೆ ಅಳದೇನಿ."

"ಅಣ್ಣಗ ಕಟ್ಟಿಗಿ ಜೋಡಿನ ಲಗ್ನಾ ಮಾಡೂಣು" ಅಂದಳು ಹೊರಸಿನ ಮೇಲಿಂದ ಕಸ್ತೂರಿ. "ಹೆಣ್ಣು ಬೆಳ್ಳಗೈತಿ, ಮಾತಿಗಿ ಮಾತು ಕೊಡೂದಿಲ್ಲ."

"ನಿನ್ನ ಗಂಡಗ ಹೇಳು, ಹಡಗದಾಗಿಂದ ಇಳಸುವಾಗ ಸಾವಕಾಶ ಇಳಸು ಅಂತ" ಅಂದ ಲಗಮಣ್ಣ. ಕಸ್ತೂರಿಯ ಗಂಡ ದೂರದ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ. ಕೂಸಿನ ಮುಖವನ್ನು ಅವನು ಇನ್ನೂ ಫೋನಿನಲ್ಲಷ್ಟೇ ನೋಡಿದ್ದ.

ಲೋಬಾನದ ಹೊಗೆ ಹಾಕುವುದನ್ನೂ ಅವ್ವ ನಿಲ್ಲಿಸಿದಳು. ಹೊಗೆ ಅಂದಮೇಲೆ ಎಲ್ಲ ಹೊಗೆಯೂ ತೊಲಗಲಿ ಅಂತ. ಕಿಟಕಿಗೆ ಈಗ ಕೆಲಸವೇ ಇರಲಿಲ್ಲ.

ಕೂಸು ಹಾಲು ಕುಡಿಯುತ್ತಿತ್ತು, ಮುಖ ಕಿವುಚುತ್ತಿತ್ತು, ಮಾವನ ಬೆರಳು ಹಿಡಿದರೆ ಬಿಡುತ್ತಿರಲಿಲ್ಲ. ಆದರೆ ಕಸ್ತೂರಿ ತಲೆ ಹಿಡಿದುಕೊಳ್ಳತೊಡಗಿದಳು. "ತಲಿ ಭಾರ ಆಗೇತಿ ಯವ್ವಾ. ಎದ್ದ ಕೂಡ್ಲೆ ವಾಕರಿಕಿ ಬರತೈತಿ."

ಅದೇ ವಾರ ಸಂತೆಯಿಂದ ಸುದ್ದಿ ಬಂತು. ಹೊಳೆನೂರಿನಲ್ಲಿ ಇಬ್ಬರು ಬಾಣಂತಿಯರು ಕೂಸಿನ ಸಮೇತ ಮಲಗಿದಲ್ಲೇ ಹೋದರಂತೆ. ಕಲ್ಲೋಡದಲ್ಲೂ ಒಬ್ಬಳು. ಮೈಮೇಲೆ ಗಾಯವಿಲ್ಲ, ಜ್ವರವಿಲ್ಲ, ಕೆನ್ನೆ ಕೆಂಪಗೆ ಬದುಕಿದವರ ಹಾಗೇ ಇತ್ತಂತೆ. ಗಾಳಿ ಸೋಕಿತು ಅಂದರು ಊರವರು. ಫೋನುಗಳಿಗೆಲ್ಲ ಆರೋಗ್ಯ ಇಲಾಖೆಯ ಸಂದೇಶವೂ ಬಂತು. ಸಕ್ಕರೆಯಂಥ ದನಿಯ ಹೆಣ್ಣೊಬ್ಬಳು, "ತಾಯಿ ಮಗುವನ್ನು ಬೆಚ್ಚಗಿಡಿ, ಗಾಳಿಯಿಂದ ಕಾಪಾಡಿ" ಅಂತ ಹಾಡಿನ ಹಾಗೆ ಹೇಳಿದಳು. ಹೇಳಿದವಳಿಗೆ ಕೋಣೆ ಹೇಗಿರುತ್ತದೆ ಅಂತ ಗೊತ್ತಿತ್ತೋ, ದೇವರೇ ಬಲ್ಲ. ಊರೂರಲ್ಲಿ ಜನ ಕಿಟಕಿಗಳನ್ನು ಇನ್ನಷ್ಟು ಬಿಗಿದರು. ಬಿಗಿದಷ್ಟೂ ಹೆಣ ಬಿದ್ದವು. ಬಿದ್ದಷ್ಟೂ ಬಿಗಿದರು.

"ಸರಕಾರನ ಹೇಳೇತಿ" ಅಂದಳು ಸಾವಂತ್ರೆವ್ವ. ಮೊದಲ ಸಲ ಸರಕಾರವೂ ಅವಳೂ ಒಂದೇ ಮಾತಿಗೆ ಬಂದಿದ್ದರು. "ಈಕಿಗೆ ತಲಿನೋವು ಅದರದ್ದನ. ಕಿಡಕಿ ಚೌಕಟ್ಟ ಬಿಟ್ಟೈತಿ, ಅಲ್ಲಿಂದ ಗಾಳಿ ಒಳಗ ಬರಾಕತ್ತೈತಿ. ಲಗಮಾ, ಏನರೆ ಮಾಡೋ."

ಲಗಮಣ್ಣ ಹಳೆಯ ಧೋತರ ಹರಿದು ಚೌಕಟ್ಟಿನ ಸಂದಿಗೆಲ್ಲ ತುರುಕಿದ. ಸೆಗಣಿ ಮಣ್ಣು ಕಲಸಿ ಮೇಲೆ ಮೆತ್ತಿದ. ಬಾಗಿಲಿನ ಅಡಿಗೆ ಗೋಣಿಚೀಲ ಸುತ್ತಿಟ್ಟ. ಕೆಲಸ ಮುಗಿದಾಗ ದೀಪ ಹಚ್ಚುವ ಹೊತ್ತು. ಕಡ್ಡಿ ಗೀರಿ ಕಿಟಕಿಯ ಹತ್ತಿರ ಹಿಡಿದ. ಜ್ವಾಲೆ ಅಲುಗಲಿಲ್ಲ.

"ಈಗ ನೋಡು," ಅಂದ. "ಸೊಳ್ಳಿನೂ ಪರವಾನಗಿ ಕೇಳೇ ಒಳಗ ಬರಬೇಕು."

ಕಸ್ತೂರಿ ನಕ್ಕಳು. ಆ ರಾತ್ರಿ ಸೆಕೆಯಿತ್ತು, ಕೆಂಡ ಬೇಡ ಅಂದಳು. ನಾಳೆ ಎರೆದುಕೊಂಡ ಮೇಲೆ ಹಾಕಿದರಾಯಿತು ಅಂದಳು ಅವ್ವ.

*

ಮರುದಿನ ಬೆಳಿಗ್ಗೆ ಡಿಪೋದ ನಿಯಂತ್ರಣ ಕೋಣೆಯಿಂದ ಶಾಂಭವಿ ಮೇಡಂ ಕರೆದಳು. ಅವಳು ರಸಾಯನಶಾಸ್ತ್ರ ಓದಿ ಕರಾವಳಿಯಿಂದ ಬಂದವಳು, ಡಿಪೋದ ಪರೀಕ್ಷೆಗೆಲ್ಲ ಹೊಣೆಗಾರಳು. ಕಣ್ಣು ನೋಡಿದರೆ ನಿದ್ದೆ ಮಾಡಿದ ಹಾಗಿರಲಿಲ್ಲ.

"ಲಗಮಣ್ಣ, ಇಲ್ಲಿ ಸ್ವಲ್ಪ ಬನ್ನಿ ಮಾರಾಯ್ರೆ. ಇದನ್ನು ನೋಡಿ."

ಗೋಡೆಯಗಲದ ಪರದೆಯ ಮೇಲೆ ಸಮುದ್ರ, ಹಡಗುಗಳು, ಬಂದರಿನಿಂದ ಒಳನಾಡಿಗೆ ಬರುವ ರೈಲು ಹಾದಿಯ ಬಿಳಿ ಗೆರೆ. ಆ ಗೆರೆಯ ಮೇಲೆ ಅವಳು ಕೆಂಪು ಚುಕ್ಕಿಗಳನ್ನಿಟ್ಟಿದ್ದಳು.

"ಚುಕ್ಕಿ ಅಂದ್ರೆ ಬಾಣಂತಿಯರು ತೀರಿಕೊಂಡ ಊರು. ಒಂದಾದರೂ ಗೆರೆಯಿಂದ ಆಚೆ ಉಂಟಾ ಹೇಳಿ."

ಲಗಮಣ್ಣ ನೋಡಿದ. ಇರಲಿಲ್ಲ.

"ಗಾಳಿ ಸೋಕಿತು ಅಂತಾರೆ. ಬಿಳಿ ಕಟ್ಟಿಗೆಯ ರೈಲು ಹೋಗದ ಊರಲ್ಲಿ ಗಾಳಿ ಬೀಸುವುದೇ ಇಲ್ವಾ?"

"ಅಕ್ಕಾರ, ಮೀಟರು ಸೊನ್ನಿ ಐತೆಲ್ರಿ" ಅಂದ ಲಗಮಣ್ಣ. ದನಿ ಸ್ವಲ್ಪ ಏರಿತ್ತು. ತನ್ನ ಸೊನ್ನೆಯ ಮೇಲೆ ಯಾರಾದರೂ ಬೆರಳಿಟ್ಟರೆ ಅವನಿಗೆ ಸಿಟ್ಟು ಬರುತ್ತಿತ್ತು.

"ಮೇಲಿನವರೂ ಅದನ್ನೇ ಹೇಳಿದ್ರು. ಬನ್ನಿ."

ಸುಡುವ ಕೋಣೆಯಲ್ಲಿ ಅವಳು ಹಳೆಯ ಕಬ್ಬಿಣದ ಬೀರುವೊಂದನ್ನು ಖಾಲಿ ಮಾಡಿಸಿಟ್ಟಿದ್ದಳು. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಿಂದ, ಅಪಾಯ ಕಂಡರೆ ಕೂಗುವ ಬೇರೊಂದು ಮೀಟರು ಎರವಲು ತಂದಿದ್ದಳು. ಅದನ್ನು ಬೀರುವಿನ ಒಳಗೆ ನೇತುಹಾಕಿದರು. ಲಗಮಣ್ಣ ಮೊದಲು ಉಗ್ರಾಣದಲ್ಲಿ ಉಳಿದಿದ್ದ ಡಾಂಬರು ಕಟ್ಟಿಗೆಯ ತುಂಡೊಂದನ್ನು ಕಬ್ಬಿಣದ ತಟ್ಟೆಯಲ್ಲಿ ಹೊತ್ತಿಸಿ ಒಳಗಿಟ್ಟು ಬಾಗಿಲು ಮುಚ್ಚಿದ. ನೋಡನೋಡುತ್ತ ಬೀರುವಿನ ಸಂದಿಗಳಿಂದ ಕರಿ ಹೊಗೆ ನುಗ್ಗಿತು. ಇಬ್ಬರೂ ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತ ಬಾಗಿಲು ಎಳೆದರು. ಒಳಗಿನ ಮೀಟರು ಇನ್ನೂ ಕೂಗಿರಲಿಲ್ಲ.

"ಈಗ ಬಿಳಿಯದು."

ಬಿಳಿ ಬಿಲ್ಲೆಗಳು ಕೆಂಡವಾದವು. ಒಳಗಿಟ್ಟು ಮುಚ್ಚಿದರು. ಸಂದಿಯಿಂದ ಏನೂ ಬರಲಿಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ. ಇಬ್ಬರೂ ಬೀರುವಿನ ಮುಂದೆ ಆರಾಮಾಗಿ ನಿಂತಿದ್ದರು. ಕಣ್ಣಿಗೆ ತಂಪು, ಎದೆಗೆ ಹಗುರ. ಆಮೇಲೆ ಒಳಗಿನ ಮೀಟರು ಕೂಗತೊಡಗಿತು. ಕೂಗು ಏರಿತು. ಬಾಯ್ಲರ್ ಮನೆಯಲ್ಲಿ ಅದು ಹಾಗೆ ಕೂಗಿದರೆ ಆಳುಗಳು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕಂತೆ.

ಶಾಂಭವಿ ಫ್ಯಾನು ಹಾಕಿ, ಬೀರು ತೆಗೆದು, ಅವನನ್ನು ಹೊರಗೆ ಎಳೆದುಕೊಂಡು ಬಂದಳು.

"ಕಾರ್ಬನ್ ಮಾನಾಕ್ಸೈಡ್ ಅಂತ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ತಾನು ಹೋಗಿ ಕೂತುಬಿಡ್ತದೆ, ಏಳುವುದಿಲ್ಲ. ಮೊದಲು ತಲೆನೋವು, ವಾಂತಿ ಬಂದ ಹಾಗೆ, ಆಮೇಲೆ ನಿದ್ದೆ. ಸತ್ತವರ ಕೆನ್ನೆ ಕೆಂಪಗೇ ಇರ್ತದೆ."

"ಇದು ಬಿಳಿ ಕಟ್ಟಿಗ್ಯಾಗ ಅಷ್ಟ ಐತೇನ್ರಿ?"

"ಎಲ್ಲ ಕೆಂಡದಲ್ಲೂ ಇತ್ತು. ಮೊದಲಿಂದಲೂ. ಆದರೆ ಹೊಗೆ ಜೊತೆಗೇ ಬರ್ತಿತ್ತಲ್ಲ? ಇದು ಕೊಲ್ಲುವುದಕ್ಕೆ ಮೊದಲೇ ಹೊಗೆ ಜನರನ್ನು ಎಬ್ಬಿಸಿ ಕಿಟಕಿ ತೆಗೆಸ್ತಿತ್ತು. ಅದಕ್ಕೇ ಹೊಗೆ ಒಂದನ್ನೇ ಅಳೆದ್ರೆ ಸಾಕು ಅಂದುಕೊಂಡ್ರು. ಕಂಪನಿ ಹೊಗೆಯನ್ನು ಮಾತ್ರ ತೆಗೀತು." ಅವಳು ಹಣೆ ಒತ್ತಿಕೊಂಡಳು. "ಆದರೂ ಒಂದು ನನಗೆ ಅರ್ಥ ಆಗ್ತಾ ಇಲ್ಲ. ಬೀರುವಿನಲ್ಲಿ ಆದ್ದು ಸರಿ. ಮನೆಯ ಕೋಣೆ ಅಂದ್ರೆ ಎಲ್ಲಾದರೂ ಸಂದಿ ಇದ್ದೇ ಇರ್ತದೆ. ಅಷ್ಟು ಗಟ್ಟಿಯಾಗಿ ಯಾರು ಮುಚ್ತಾರೆ?"

ಲಗಮಣ್ಣ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಸೆಗಣಿ ಮಣ್ಣು ಇನ್ನೂ ಇತ್ತು.

"ಅಕ್ಕಾರ," ಅಂದ. "ನಮ್ಮ ಕಸ್ತೂರಿ."

ಫೋನು ಹಚ್ಚಿದ. ಅವ್ವನ ಫೋನು ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಬಾಣಂತಿ ಕೋಣೆಯಲ್ಲಿ ಫೋನು ಇಡಗೊಡುತ್ತಿರಲಿಲ್ಲ, ಕೂಸಿನ ಕಣ್ಣಿಗೆ ಆಗದು ಅಂತ. ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು. ಎರೆದುಕೊಳ್ಳುವ ಹೊತ್ತು ದಾಟಿತ್ತು.

ಶಾಂಭವಿ ಜೀಪಿನ ಕೀಲಿಗಾಗಿ ಆಗಲೇ ಓಡಿದ್ದಳು.

*

ಸಾವಂತ್ರೆವ್ವ ಹಿತ್ತಲ ನಳದ ಹತ್ತಿರ ಬಾಣಂತಿ ಬಟ್ಟೆ ಒಗೆಯುತ್ತಿದ್ದಳು. ಮಗ ಓಡಿ ಬಂದದ್ದು ನೋಡಿ ಕೈ ಎತ್ತಿ, ಸದ್ದು ಮಾಡಬೇಡ ಅಂತ ಸನ್ನೆ ಮಾಡಿದಳು. "ಮಲಗ್ಯಾರೋ. ಇವತ್ತ ಭಾಳ ಚೊಲೊ ನಿದ್ದಿ ಹತ್ತೇತಿ ಇಬ್ಬರಿಗೂ."

ಅವನು ಬಾಗಿಲಿಗೆ ಹೆಗಲು ಕೊಟ್ಟ. ಗೋಣಿಚೀಲ ಸಿಕ್ಕಿಕೊಂಡಿತು. ಒದ್ದ. ಒಳಗೆ ಬೆಚ್ಚಗಿತ್ತು, ಸ್ವಚ್ಛವಾಗಿತ್ತು, ತೊಳೆದ ತಲೆಗೂದಲಿನ ವಾಸನೆಯಿತ್ತು. ಕಿಟಕಿ ಎಳೆದ, ಬರಲಿಲ್ಲ. ಅಷ್ಟು ಚೆನ್ನಾಗಿ ಮೆತ್ತಿದ್ದ. ಒನಕೆ ತಂದು ಚೌಕಟ್ಟಿಗೇ ಹೊಡೆದ. ಹಲಗೆ ಹೊರಗೆ ಬಿತ್ತು, ಗಾಳಿ ನುಗ್ಗಿತು.

"ಗಾಳೀ! ಗಾಳಿ ಬಿಟ್ಟ್ಯಲ್ಲೋ!" ಅಂತ ಸಾವಂತ್ರೆವ್ವ ಕಿರುಚಿದಳು. ಒದ್ದೆ ಸೀರೆಯಲ್ಲೇ ಓಡಿಬಂದು ತನ್ನ ಮೈಯನ್ನೇ ಕಿಟಕಿಗೆ ಅಡ್ಡ ಹಿಡಿದಳು. ಶಾಂಭವಿ ಅವಳನ್ನು ಪಕ್ಕಕ್ಕೆ ತಳ್ಳಿ ಕಿಟಕಿ ಬಿಡಿಸಬೇಕಾಯಿತು.

ಕಸ್ತೂರಿಯನ್ನು ಅಂಗಳಕ್ಕೆ ಹೊತ್ತು ತಂದರು. ಮುಖಕ್ಕೆ ನೀರು, ಕೆನ್ನೆಗೆ ಏಟು. ಕೊನೆಗೆ ಗಂಟಲಲ್ಲಿ ಗೊರಗೊರ ಅಂದು ಉಸಿರು ಎಳೆದಳು. ಕೂಸಿನ ಎದೆಯ ಮೇಲೆ ಶಾಂಭವಿ ಎರಡೇ ಬೆರಳಿಟ್ಟು ಒತ್ತಿದಳು, ಬಾಯಿಗೆ ಬಾಯಿಟ್ಟು ಊದಿದಳು, ಮತ್ತೆ ಒತ್ತಿದಳು. ಬಹಳ ಹೊತ್ತು. ಅಷ್ಟು ಚಿಕ್ಕ ಎದೆ. ಆಮೇಲೆ ಅವಳು ತಲೆ ಎತ್ತಲಿಲ್ಲ.

ಕಸ್ತೂರಿಯನ್ನು ಜೀಪಿಗೆ ಹಾಕಿಕೊಂಡು ಶಾಂಭವಿಯೇ ಆಸ್ಪತ್ರೆಗೆ ಓಡಿಸಿದಳು. ಹೋಗುವಾಗ, "ತಾಯಿ ಉಳೀತಾಳೆ, ಖಂಡಿತ ಉಳೀತಾಳೆ" ಅಂದಳು. ಲಗಮಣ್ಣ ತಲೆಯಾಡಿಸಿದ. ಬಂದರಿನಲ್ಲಿ ಕ್ರೇನಿನ ಮೇಲೆ ಕೂತವನಿಗೆ ಇನ್ನೂ ಯಾರೂ ಹೇಳಿರಲಿಲ್ಲ.

*

ಓಣಿಯ ಹೆಂಗಸರು ಸೇರಿದರು. ಸಾವಂತ್ರೆವ್ವ ಕಟ್ಟೆಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಹಾಡಿ ಅಳುತ್ತಿದ್ದಳು. ನಡುವೆ ಕೆಮ್ಮು ಬಂದು ತುಂಡಾಗುತ್ತಿತ್ತು, ಮತ್ತೆ ಹಿಡಿಯುತ್ತಿದ್ದಳು.

"ಬಂಗಾರದಂಗ ಮಲಗಿತ್ತವ್ವಾ... ಕೆನ್ನಿ ಕೆಂಪಗ ಮಾಡಕೊಂಡು ಮಲಗಿತ್ತು... ಈ ಹಾಟ್ಯಾ ಬಂದು ಕಿಡಕಿ ಒಡದ... ಗಾಳಿ ಹೊಕ್ಕತು, ನನ್ನ ಕೂಸಿನ ಒಯ್ತು..."

ಹೆಂಗಸರು ಲಗಮಣ್ಣನ ಕಡೆ ನೋಡಿದರು. ಮುರಿದ ಕಿಟಕಿಯ ಕಡೆ ನೋಡಿದರು. "ಗಂಡಸರಿಗೆ ಏನ್ ತಿಳೀತೈತಿ ಬಾಣಂತಿತನ" ಅಂದಳು ಒಬ್ಬಳು. "ನಾ ನಮ್ಮ ಮನಿ ಸಂದಿಗೂ ಇವತ್ತ ಅರಿವಿ ತುರುಕತೇನವಾ" ಅಂದಳು ಇನ್ನೊಬ್ಬಳು.

ಲಗಮಣ್ಣ ಅದನ್ನು ಕೇಳಿದ. ಸುಮ್ಮನಿದ್ದರೆ ಮುಗಿಯಿತು. ಪಾಪ ಅವನ ತಲೆಗೆ ಬರುತ್ತದೆ, ಅವ್ವನ ಶಾಪ ಅವನ ತಲೆಗೆ ಬರುತ್ತದೆ. ಬರಲಿ, ಹೊರುತ್ತಾನೆ. ಅವ್ವ ಗಾಳಿಯನ್ನು, ಮಗನನ್ನು ಬೈದುಕೊಂಡು ಬದುಕುತ್ತಾಳೆ. ಕೆಂಡ ತುಂಬಿದ ಕೈ ತನ್ನದು ಅಂತ ಅವಳಿಗೆ ತಿಳಿಯುವುದೇ ಇಲ್ಲ. ಆದರೆ ನಾಳೆ ಈ ಓಣಿಯ ಕಿಟಕಿಗಳೆಲ್ಲ ಮುಚ್ಚುತ್ತವೆ. ಅವನ ಮನೆಯ ಹೆಣವೇ ಅದಕ್ಕೆ ಸಾಕ್ಷಿಯಾಗುತ್ತದೆ.

"ಗಾಳಿ ಅಲ್ಲ" ಅಂದ.

ಯಾರೂ ಕೇಳಲಿಲ್ಲ. ಇನ್ನೊಮ್ಮೆ, ಕೂಗಿ ಅಂದ. ಅಳು ನಿಂತಿತು.

"ಗಾಳಿ ಇದ್ದಿದ್ರ ಕೂಸು ಬದಕತಿತ್ತು. ಕೊಂದಿದ್ದು ಕೆಂಡ. ಬಿಳಿ ಕಟ್ಟಿಗಿ ಕೆಂಡ. ಅದರಾಗಿಂದ ಒಂದು ಕೆಟ್ಟ ಗಾಳಿ ಬರತೈತಿ, ಕಣ್ಣಿಗಿ ಕಾಣಸೂದಿಲ್ಲ, ಮೂಗಿಗಿ ತಿಳಿಯೂದಿಲ್ಲ. ಡಾಂಬರಿನ್ಯಾಗೂ ಇತ್ತು. ಆದ್ರ ಆವಾಗ ಹೊಗಿಗೆ ಕೆಮ್ಮಿ ನೀವು ಕಿಡಕಿ ತಗೀತಿದ್ರಿ. ಈಗ ಹೊಗಿ ಇಲ್ಲ, ಯಾರೂ ತಗಿಯವಲ್ರು. ಹೊಳೆನೂರಾಗ ಸತ್ತವರೂ ಹಿಂಗ ಸತ್ತಾರ. ಕಟ್ಟಿಗಿ ತಂದಾಂವ ನಾನು. ಸಂದಿಗೆ ಅರಿವಿ ತುರುಕಿ ಸೆಗಣಿ ಮೆತ್ತಿದಾಂವ ನಾನು. ಅವ್ವ..." ಅಲ್ಲಿ ನಿಂತ. "ಅವ್ವ ಎಲ್ಲಾ ಬಾಣಂತ್ಯಾರಿಗೂ ಮಾಡಿದಂಗನ ಮಾಡ್ಯಾಳ."

ಅವನು ಅವ್ವನ ಮುಖ ನೋಡಲಿಲ್ಲ. ಅವಳ ಅಳು ನಿಂತೇ ಇತ್ತು. ಬೈಗುಳ, ಶಾಪ, ಏಟು, ಏನು ಬಂದಿದ್ದರೂ ತಡೆದುಕೊಳ್ಳುತ್ತಿದ್ದ.

ಗುಂಪಿನ ಹಿಂದಿನಿಂದ ಗಂಗವ್ವ ಅನ್ನುವವಳು ಎದ್ದು ನಿಂತಳು. ಹಿಂದಿನ ಓಣಿಯವಳು, ಅವಳ ಸೊಸೆ ಹಡೆದು ವಾರವೂ ಆಗಿರಲಿಲ್ಲ. "ನಾ ಬಾಗಲಾ ಹಾಕಿ ಬಂದೇನಿ" ಅಂದಳು, ಯಾರಿಗೂ ಅಲ್ಲದ ಹಾಗೆ. ಎರಡು ಹೆಜ್ಜೆ ನಡೆದಳು. ಆಮೇಲೆ ಓಡಿದಳು. ಸೆರಗು ಜಾರಿ ಮಣ್ಣಿಗೆ ಬಿದ್ದು ಎಳೆದಾಡಿತು, ಎತ್ತಿಕೊಳ್ಳಲಿಲ್ಲ, ಆ ವಯಸ್ಸಿನಲ್ಲಿ ಓಡಿದಳು. ಅವಳ ಹಿಂದೆ ಇನ್ನಿಬ್ಬರು ಓಡಿದರು.

ಸಾವಂತ್ರೆವ್ವ ಅವರು ಹೋದ ದಿಕ್ಕನ್ನೇ ನೋಡುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಗೌಡರ ಓಣಿಯ ಹೆಂಗಸರು ಬಂದರು. ಬಂದವರೇ, "ಗಾಳಿ ಸೋಕಿತಂತಲ್ಲವಾ" ಅಂತ ಅಳು ತೆಗೆದರು. ಸಾವಂತ್ರೆವ್ವ ಕೈ ಎತ್ತಿ ತಡೆದಳು.

"ಲಗಮಾ. ಇವರಿಗೂ ಹೇಳು."

"ಯವ್ವಾ..."

"ಹೇಳಂದ್ನಿ."

ಅವನು ಹೇಳಿದ. ಕೆಂಡ, ಕಿಟಕಿ, ಅರಿವೆ. ಅವರು ಹೋದ ಮೇಲೆ ಕುಂಬಾರ ಓಣಿಯವರು ಬಂದರು. ಆಮೇಲೆ ಸ್ಟೇಷನ್ ಕ್ವಾರ್ಟರ್ಸಿನವರು. ಪ್ರತಿಯೊಂದು ಗುಂಪು ಬಂದಾಗಲೂ ಅವಳು ಕೂಸಿನ ಮೇಲಿನ ಬಟ್ಟೆ ಸರಿಮಾಡಿ, ಮಗನ ಕಡೆ ತಿರುಗಿ ಅದನ್ನೇ ಅಂದಳು. ಪ್ರತಿ ಸಲವೂ ಅವನು ಅವಳ ಮುಂದೆ ನಿಂತು ಹೇಳಿದ. ಪ್ರತಿ ಸಲವೂ ಯಾರೋ ಒಬ್ಬಳು ನಡುವೆಯೇ ಎದ್ದು ಮನೆಯ ಕಡೆ ಓಡಿದಳು.

ಕೊನೆಗೆ ಬಂದವಳು ಒಬ್ಬಳೇ, ತುಂಬಿದ ಬಸುರಿ, ಯಾರ ಮನೆಯ ಸೊಸೆಯೋ ಗೊತ್ತಿಲ್ಲ. ಅಂಗಳದ ಬಾಗಿಲ ಹತ್ತಿರವೇ ಹೆದರಿ ನಿಂತಳು. ಲಗಮಣ್ಣ ಬಾಯಿ ತೆರೆದ. ದನಿ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ, ಆಗದೆ ಗೋಡೆಗೆ ಮುಖ ತಿರುಗಿಸಿದ.

ಸಾವಂತ್ರೆವ್ವ ಸ್ವಲ್ಪ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದಳು.

"ಬಾ ತಂಗಿ, ಕುಂದರು," ಅಂದಳು. "ಅವಗ ಆಗವಲ್ದು. ನಾ ಹೇಳತೇನಿ, ನೆಪ್ಪಿಟ್ಟು ಕೇಳು. ಹೊರಸಿನ ಕೆಳಗ ಕೆಂಡ ಇಟ್ಟಾಕಿ ನಾನು. ಬಾಗಲಾ ಮುಚ್ಚಿದಾಕಿ ನಾನು."